ಅಳತೆಗೆ ಸಿಗದ ನೋಡುಗರು: ಹಳೆಯ ಕನ್ನಡ ಧಾರಾವಾಹಿಗಳು ಮತ್ತು ಹಾಸನ ಸೀಮೆಯ ಅಭಿಪ್ರಾಯ

ಪ್ರವೇಶ

ಕನ್ನಡ ಕಿರುತೆರೆಯ ಬಗ್ಗೆ ಇದುವರೆಗೆ ನಡೆದಿರುವ ಚರ್ಚೆಯಲ್ಲಿ ನಿರ್ದೇಶಕರು, ಲೇಖಕರು ಮತ್ತು ಕಲಾವಿದರಿಗೆ ಸಾಕಷ್ಟು ಸ್ಥಾನ ದೊರೆತಿದೆ. ನೋಡುಗರಿಗೆ ದೊರೆತಿರುವುದು ಕಡಿಮೆ. ನೋಡುಗರನ್ನು ಒಂದು ಸಂಖ್ಯೆಯಾಗಿ ಎಣಿಸಿದ್ದೇವೆ, ಇಲ್ಲವೇ ‘ಜನಪ್ರಿಯತೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೇವೆ. ಆದರೆ ಧಾರಾವಾಹಿ ಎಂಬುದು ಒಮ್ಮೆ ನೋಡಿ ಮರೆಯುವ ಪ್ರಕಾರವಲ್ಲ. ತಿಂಗಳುಗಟ್ಟಲೆ ಮನೆಯೊಳಗೆ ನಡೆಯುವ ಕಥೆ ಅದು. ಕಥೆ ನಡೆಯುತ್ತಿರುವಾಗಲೇ ಅದರ ಮೇಲಿನ ಮಾತೂ ನಡೆಯುತ್ತಿರುತ್ತದೆ. ಆ ಮಾತಿಗೆ ತನ್ನದೇ ಮಾನದಂಡಗಳಿವೆ, ತರ್ಕವಿದೆ, ಪರಂಪರೆಯಿದೆ.

ಅಲ್ಪವೆಚ್ಚದಲ್ಲಿ ತಯಾರಾದ ಹಳೆಯ ಧಾರಾವಾಹಿಗಳ ಬಗ್ಗೆ ನೋಡುಗರ ಅಭಿಪ್ರಾಯ ಹೇಗೆ ರೂಪುಗೊಳ್ಳುತ್ತದೆ, ಅದನ್ನು ಸಾಹಿತ್ಯ ವಿಮರ್ಶೆಯ ಪಕ್ಕದಲ್ಲಿ ಇಟ್ಟು ಓದಲು ಸಾಧ್ಯವೇ ಎಂಬುದನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉದಾಹರಣೆಗಾಗಿ ಮುಖ್ಯವಾಗಿ ಎರಡು ಧಾರಾವಾಹಿಗಳನ್ನು ಆರಿಸಿಕೊಂಡಿದೆ. ಒಂದು, 1998ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಮಾಯಾಮೃಗ’. ಇನ್ನೊಂದು, ಎಸ್. ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ಈಟಿವಿ ಕನ್ನಡ ವಾಹಿನಿಗಾಗಿ ನಿರ್ದೇಶಿಸಿದ ‘ಗೃಹಭಂಗ’. ಮೊದಲನೆಯದು ಈ ಸೀಮೆಗೆ ನಗರದ ಕಥೆಯನ್ನು ತಂದಿತು. ಎರಡನೆಯದು ಈ ಸೀಮೆಯ ಕಥೆಯನ್ನೇ ಈ ಸೀಮೆಗೆ ಮರಳಿಸಿತು. ಈ ವ್ಯತ್ಯಾಸವೇ ನಮ್ಮ ವಿವೇಚನೆಗೆ ಆಧಾರ.

ಕಿರುತೆರೆ ಬಂದ ಬಗೆ

ಕರ್ನಾಟಕದ ಹಳ್ಳಿಗಳಿಗೆ ದೂರದರ್ಶನ ಮೊದಲು ಬಂದದ್ದು 1975–76ರ ಉಪಗ್ರಹ ಬೋಧನಾ ಪ್ರಯೋಗದ ಮೂಲಕ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಒಳಗೊಂಡಿದ್ದ ಆ ಪ್ರಯೋಗದಲ್ಲಿ ನಮ್ಮ ರಾಜ್ಯದಿಂದ ಸೇರಿದ್ದು ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳು. ಹಾಸನ ಜಿಲ್ಲೆ ಅದರಲ್ಲಿರಲಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಯಿತು. 1983ರ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಉಪಗ್ರಹ ಕಕ್ಷೆಗೆ ಸೇರಿದ ಮೇಲೆ, 1984ರ ಸುಮಾರಿಗೆ ದೇಶದ ಉದ್ದಗಲಕ್ಕೂ ಕಿರುಶಕ್ತಿಯ ಮರುಪ್ರಸಾರ ಕೇಂದ್ರಗಳು ಬಿರುಸಿನಿಂದ ತಲೆಯೆತ್ತಿದವು.

ಇಲ್ಲಿ ಹಾಸನಕ್ಕೆ ಒಂದು ವಿಶೇಷ ಸ್ಥಾನವಿದೆ. ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಪ್ರಧಾನ ನಿಯಂತ್ರಣ ಕೇಂದ್ರ 1982ರಲ್ಲಿ ಸ್ಥಾಪಿತವಾದದ್ದು ಹಾಸನದಲ್ಲಿ. ದೇಶದ ಮನೆಮನೆಗೆ ಚಿತ್ರವನ್ನು ಮುಟ್ಟಿಸುತ್ತಿದ್ದ ಉಪಗ್ರಹದ ಆರೋಗ್ಯವನ್ನು ಕಾಯುತ್ತಿದ್ದುದು ಈ ಊರಿನ ಹೊರವಲಯದ ಬೃಹತ್ ಆಂಟೆನಾಗಳು. ಅದೇ ಊರಿನ ಸುತ್ತಲಿನ ಹಳ್ಳಿಗಳಲ್ಲಿ ಜನರು ಮಾಡಿನ ಮೇಲಿನ ಆಂಟೆನಾವನ್ನು ತಿರುಗಿಸಿ, ‘ಈಗ ಬಂತಾ?’ ಎಂದು ಕೂಗಿ ಕೇಳಿ, ಮಸುಕು ಚಿತ್ರವನ್ನು ಸರಿಪಡಿಸಿಕೊಳ್ಳುತ್ತಿದ್ದರು. ಪ್ರಸಾರದ ಯಂತ್ರವ್ಯವಸ್ಥೆಗೆ ಇಷ್ಟು ಸಮೀಪದಲ್ಲಿದ್ದ ನೋಡುಗರು ಪ್ರಸಾರದ ನಿರ್ಧಾರಗಳಿಂದ ಬಹು ದೂರವಿದ್ದರು.

ಆರಂಭದ ವರ್ಷಗಳಲ್ಲಿ ಬಹು ಹೊತ್ತು ಬರುತ್ತಿದ್ದುದು ಹಿಂದಿ ಕಾರ್ಯಕ್ರಮಗಳು. 1984ರ ಜುಲೈನಿಂದ 1985ರ ಡಿಸೆಂಬರ್‌ವರೆಗೆ ನಡೆದ ‘ಹಮ್ ಲೋಗ್’, 1987ರ ಜನವರಿಯಲ್ಲಿ ಆರಂಭವಾದ ‘ರಾಮಾಯಣ’ ಇವುಗಳನ್ನು ಹಿಂದಿ ಬಾರದ ಕನ್ನಡಿಗರೂ ನೋಡಿದರು. ರಾಮಾಯಣದ ಕಥೆ ಗೊತ್ತಿದ್ದುದರಿಂದ ಭಾಷೆ ಅಡ್ಡಿಯಾಗಲಿಲ್ಲ. ಶಾಲೆಯಲ್ಲಿ ಹಿಂದಿ ಕಲಿಯುತ್ತಿದ್ದ ಮಕ್ಕಳು ಹಿರಿಯರಿಗೆ ಅರ್ಥ ಹೇಳುವುದೂ ಇತ್ತು. ಕನ್ನಡದಲ್ಲೇ ‘ಸಿಹಿ ಕಹಿ’ಯಂತಹ ಧಾರಾವಾಹಿಗಳು ಬಂದಾಗ ನೋಡುಗರ ಸ್ಥಿತಿ ಬದಲಾಯಿತು. ಅರ್ಥಮಾಡಿಕೊಳ್ಳುವ ಶ್ರಮ ಕಳೆದು, ಅಭಿಪ್ರಾಯ ಹೇಳುವ ಸಲುಗೆ ಬಂದಿತು. ಆ ಧಾರಾವಾಹಿಯ ಹೆಸರೇ ಅದರ ಕಲಾವಿದರಾದ ಚಂದ್ರು ಮತ್ತು ಗೀತಾ ಅವರ ಹೆಸರಿನ ಹಿಂದೆ ಶಾಶ್ವತವಾಗಿ ನಿಂತಿರುವುದು ಈ ಸಲುಗೆಗೆ ಸಾಕ್ಷಿ.

ಅಲ್ಪವೆಚ್ಚವೆಂಬ ಕಟ್ಟುಪಾಡು

ಅಂದಿನ ಕನ್ನಡ ಧಾರಾವಾಹಿಗಳ ಆರ್ಥಿಕ ಚೌಕಟ್ಟು ಚಿಕ್ಕದು. ದೂರದರ್ಶನದ ಪ್ರಾಯೋಜಿತ ಪದ್ಧತಿಯಲ್ಲಿ ನಿರ್ಮಾಪಕರು ಪ್ರಸಾರ ಶುಲ್ಕ ತೆರಬೇಕು. ಪ್ರತಿಯಾಗಿ ಸಿಗುವ ಕೆಲವು ನಿಮಿಷಗಳ ಜಾಹೀರಾತು ಸಮಯವನ್ನು ಮಾರಿ ವೆಚ್ಚ ತುಂಬಿಕೊಳ್ಳಬೇಕು. ಕನ್ನಡದ ಮಾರುಕಟ್ಟೆ ಹಿಂದಿಯಷ್ಟು ವಿಸ್ತಾರವಲ್ಲದ ಕಾರಣ ಕಂತೊಂದಕ್ಕೆ ಸಿಗುವ ಹಣವೂ ಮಿತ. ಆದ್ದರಿಂದ ದೊಡ್ಡ ಸೆಟ್ಟುಗಳಿಗೆ ಬದಲು ಬಾಡಿಗೆಗೆ ಪಡೆದ ವಾಸದ ಮನೆ. ಸಿನಿಮಾ ತಾರೆಯರಿಗೆ ಬದಲು ಹವ್ಯಾಸಿ ರಂಗಭೂಮಿಯ ನಟನಟಿಯರು. ಹೊರಾಂಗಣಕ್ಕೆ ಬದಲು ನಡುಮನೆ, ಅಡುಗೆಮನೆ, ಜಗುಲಿ. ಒಂದೇ ಮನೆಯ ದೃಶ್ಯಗಳನ್ನು ಒಟ್ಟಿಗೆ ಚಿತ್ರೀಕರಿಸಿ ಹಲವು ಕಂತುಗಳಿಗೆ ಹಂಚುವುದು ಇಂತಹ ತಯಾರಿಕೆಯ ರೂಢಿ.

ಈ ಬಡತನವನ್ನು ನೋಡುಗರು ಗಮನಿಸದೆ ಇರಲಿಲ್ಲ. ಪರದೆ ಬದಲಾಗದಿರುವುದು, ಉಟ್ಟ ಸೀರೆಯೇ ಮತ್ತೆ ಬರುವುದು, ಮಾತಿನ ನಡುವೆ ಬೀದಿಯ ಸದ್ದು ನುಸುಳುವುದು ಇವೆಲ್ಲ ಕಣ್ಣಿಗೆ ಬೀಳುತ್ತಿದ್ದವು. ಆದರೆ ಇವು ದೋಷಗಳಾಗಿಯೇ ಕಾಣಬೇಕೆಂದಿಲ್ಲ. ಮಧ್ಯಮ ವರ್ಗದ ಮನೆಯಲ್ಲಿಯೂ ಪರದೆ ದಿನಕ್ಕೊಂದು ಬದಲಾಗುವುದಿಲ್ಲ; ಹೆಂಗಸರು ಉಟ್ಟ ಸೀರೆಯನ್ನೇ ಉಡುತ್ತಾರೆ. ಕಥೆ ಸಾಮಾನ್ಯ ಸಂಸಾರದ್ದಾದಾಗ ಅಲ್ಪವೆಚ್ಚವೇ ಸಹಜತೆಯಾಗಿ ಪರಿಣಮಿಸಿತು. ಮುಂದೆ ರೇಷ್ಮೆ ಸೀರೆ ಉಟ್ಟು, ಮೈತುಂಬ ಒಡವೆ ತೊಟ್ಟು ಅಡುಗೆ ಮಾಡುವ ಗೃಹಿಣಿಯರ ಧಾರಾವಾಹಿಗಳು ಬಂದಾಗ ಹಳೆಯದನ್ನು ಕಂಡಿದ್ದವರು ‘ಇಂಥ ಮನೆ ಎಲ್ಲಿದೆ?’ ಎಂದು ಕೇಳುವುದು ಈ ಹೋಲಿಕೆಯಿಂದಲೇ.

ವೆಚ್ಚದ ಮಿತಿಯ ಇನ್ನೊಂದು ಪರಿಣಾಮ ಮಾತಿನ ಪ್ರಾಧಾನ್ಯ. ತೋರಿಸಲಾಗದ್ದನ್ನು ಹೇಳಬೇಕಾಯಿತು. ಹಾಗಾಗಿ ಬರವಣಿಗೆ ಗಟ್ಟಿಯಾಗಿದ್ದ ಧಾರಾವಾಹಿ ನಿಂತಿತು, ಅಲ್ಲದ್ದು ಬಿದ್ದಿತು. ಗಮಕ, ಹರಿಕಥೆ, ಮೂಡಲಪಾಯ ಬಯಲಾಟಗಳನ್ನು ಕಂಡುಕೇಳಿದ ಸೀಮೆಯ ಜನಕ್ಕೆ ಮಾತನ್ನು ತೂಗಿ ನೋಡುವುದು ಹೊಸತಲ್ಲ. ಅರ್ಥಗಾರಿಕೆಯಲ್ಲಿ ತಪ್ಪಿದ ವೇಷಧಾರಿಯನ್ನು ಬೆಳಗಾದ ಮೇಲೆ ಜಗುಲಿಯ ಮೇಲೆ ವಿಚಾರಿಸಿಕೊಳ್ಳುತ್ತಿದ್ದ ಅಭಿರುಚಿಯೇ ಕಿರುತೆರೆಯ ಮುಂದೆಯೂ ಕುಳಿತಿತ್ತು. ಅದಕ್ಕೆ ಪತ್ರಿಕೆಗಳ ಧಾರಾವಾಹಿ ಕಾದಂಬರಿಗಳ ಓದೂ ಕೂಡಿಕೊಂಡಿತು. ‘ಧಾರಾವಾಹಿ’ ಎಂಬ ಹೆಸರು ಕಿರುತೆರೆಗೆ ಬಂದದ್ದೇ ವಾರಪತ್ರಿಕೆಗಳಿಂದ. ವಾರಕ್ಕೊಂದು ಕಂತನ್ನು ಕಾದು ಓದಿ, ಕೈಯಿಂದ ಕೈಗೆ ದಾಟಿಸಿ, ಮುಂದೇನಾಗಬಹುದೆಂದು ತರ್ಕಿಸುತ್ತಿದ್ದ ಓದುಗಿತಿಯರೇ ಮುಂದೆ ನೋಡುಗಿತಿಯರಾದರು.

‘ಮಾಯಾಮೃಗ’: ಹೊತ್ತು ಮತ್ತು ಹರಟೆ

ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರು ನಿರ್ದೇಶಿಸಿದ ‘ಮಾಯಾಮೃಗ’ ಪ್ರಸಾರವಾದದ್ದು ಸಂಜೆ ನಾಲ್ಕೂವರೆಯ ಸುಮಾರಿಗೆ. ಜಾಹೀರಾತುದಾರರ ದೃಷ್ಟಿಯಲ್ಲಿ ಅದು ಬೆಲೆಯಿಲ್ಲದ ಹೊತ್ತು. ಆದರೆ ಹಾಸನ ಸೀಮೆಯ ದಿನಚರಿಯಲ್ಲಿ ಆ ಹೊತ್ತಿಗೆ ಒಂದು ಅರ್ಥವಿದೆ. ಮಧ್ಯಾಹ್ನದ ಕೆಲಸ ಮುಗಿದಿರುತ್ತದೆ. ಸಂಜೆಯ ಹಾಲು ಕರೆದು ಡೇರಿಗೆ ಹಾಕುವ ಕೆಲಸ ಇನ್ನೂ ಬಂದಿರುವುದಿಲ್ಲ. ಶಾಲೆಯಿಂದ ಮಕ್ಕಳು ಮರಳುವ ಸಮಯ. ಹೆಂಗಸರಿಗೆ ತಮ್ಮದೆಂದು ಸಿಗುವ ಅರ್ಧ ಗಂಟೆ ಇದ್ದರೆ ಅದು ಇದೇ. ಮನೆಯ ಯಜಮಾನ ಹೊಲದಲ್ಲೋ ಕಚೇರಿಯಲ್ಲೋ ಅಂಗಡಿಯಲ್ಲೋ ಇರುತ್ತಿದ್ದುದರಿಂದ ಯಾವುದನ್ನು ನೋಡಬೇಕೆಂಬ ಆಯ್ಕೆ ಹೆಂಗಸರದಾಗಿತ್ತು. ರಾತ್ರಿಯ ಧಾರಾವಾಹಿಗೆ ಇಲ್ಲದ ಈ ಸ್ವಾತಂತ್ರ್ಯ ಅಭಿಪ್ರಾಯದ ಸ್ವರೂಪವನ್ನೂ ಬದಲಿಸಿತು. ತಪ್ಪು ಸೊಸೆಯದೋ ಅತ್ತೆಯದೋ, ದುಡಿಯುವ ಹೆಣ್ಣು ಮನೆಯ ನಿರ್ಧಾರದಲ್ಲಿ ಪಾಲು ಕೇಳಬಹುದೋ ಬಾರದೋ ಎಂಬ ಚರ್ಚೆ ಗಂಡಸರ ಕಿವಿಗೆ ಬೀಳದೆ ನಡೆಯಲು ಅವಕಾಶವಾಯಿತು.

ಆ ಕಾಲದ ವಿದ್ಯುತ್ ಕಡಿತವೂ ಗಮನಾರ್ಹ. ಕರೆಂಟು ಹೋದ ದಿನ ಕಂತು ತಪ್ಪುತ್ತಿತ್ತು. ಇಂದಿನಂತೆ ಮತ್ತೆ ನೋಡುವ ಉಪಾಯವಿರಲಿಲ್ಲ. ಕರೆಂಟಿದ್ದ ಬೀದಿಯ ನೆಂಟರೋ, ಬೇರೆ ಊರಿನ ಗೆಳತಿಯೋ ಕಥೆ ಹೇಳಬೇಕಾಗುತ್ತಿತ್ತು. ಹೀಗೆ ಕಂತು ಮೌಖಿಕ ಕಥನವಾಗಿ ಮಾರ್ಪಡುತ್ತಿತ್ತು. ಹೇಳುವವರು ಬರಿಯ ಘಟನೆಗಳನ್ನು ಒಪ್ಪಿಸುವುದಿಲ್ಲ. ಯಾರು ಸರಿ, ಯಾರು ತಪ್ಪು ಎಂಬ ತೀರ್ಪನ್ನೂ ಸೇರಿಸಿಯೇ ಹೇಳುತ್ತಾರೆ. ಕೇಳುವವರು ಆ ತೀರ್ಪನ್ನು ಒಪ್ಪುತ್ತಾರೆ ಅಥವಾ ಮರುದಿನ ತಾವೇ ನೋಡಿ ತಿದ್ದುತ್ತಾರೆ. ಒಬ್ಬರ ಅಭಿಪ್ರಾಯವೆಂದು ನಾವು ದಾಖಲಿಸುವುದು ಅನೇಕ ವೇಳೆ ಇಂತಹ ಹಲವರ ಮಾತಿನ ಪಾಕ ಎಂಬುದನ್ನು ಸಂಶೋಧಕರು ಮರೆಯಬಾರದು.

‘ಗೃಹಭಂಗ’: ನೋಡುಗನೇ ಸಾಕ್ಷಿ

ಭೈರಪ್ಪನವರು ಹುಟ್ಟಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ. 1970ರಲ್ಲಿ ಪ್ರಕಟವಾದ ‘ಗೃಹಭಂಗ’ದ ಕಥೆ ನಡೆಯುವುದು ಚನ್ನರಾಯಪಟ್ಟಣ–ತಿಪಟೂರು ಸೀಮೆಯಲ್ಲಿ, ಇಪ್ಪತ್ತನೆಯ ಶತಮಾನದ ಎರಡನೆಯ ಕಾಲುಭಾಗದ ಸುಮಾರಿಗೆ. ಶ್ಯಾನುಭೋಗಿಕೆಯ ಮನೆಗೆ ಸೊಸೆಯಾಗಿ ಬಂದ ನಂಜಮ್ಮ, ಕೈಲಾಗದ ಗಂಡ ಚೆನ್ನಿಗರಾಯ, ಬಾಯಿ ಹರಿತವಾದ ಅತ್ತೆ ಗಂಗಮ್ಮ, ಕೈಬಿಟ್ಟು ಹೋದ ಜಮೀನು, ಬರ, ಕೊನೆಗೆ ಮನೆಯನ್ನೇ ಬರಿದು ಮಾಡುವ ಪ್ಲೇಗು ಇವು ಕಾದಂಬರಿಯ ಹಂದರ. ನಂಜಮ್ಮ ಮುತ್ತುಗದ ಎಲೆ ಹಚ್ಚಿ, ಗಂಡನ ಪರವಾಗಿ ಲೆಕ್ಕ ಬರೆದು ಸಂಸಾರ ನಡೆಸುತ್ತಾಳೆ. ಪ್ಲೇಗಿಗೆ ತಮ್ಮವರನ್ನು ಕಳೆದುಕೊಂಡ ಬಾಲ್ಯವನ್ನು ಭೈರಪ್ಪನವರು ತಮ್ಮ ಆತ್ಮವೃತ್ತಾಂತ ‘ಭಿತ್ತಿ’ಯಲ್ಲಿ ದಾಖಲಿಸಿದ್ದಾರೆ.

ಈ ಕಥೆ ಧಾರಾವಾಹಿಯಾಗಿ ಬಂದಾಗ ರಾಜ್ಯದ ಇತರ ಭಾಗಗಳ ನೋಡುಗರಿಗೂ ಈ ಸೀಮೆಯ ನೋಡುಗರಿಗೂ ನಡುವೆ ಒಂದು ವ್ಯತ್ಯಾಸ ಇದ್ದೇ ಇರುತ್ತದೆ. ಉಳಿದವರಿಗೆ ಅದು ಕಥೆ. ಇಲ್ಲಿನವರಿಗೆ ಅದು ಪರಿಶೀಲಿಸಬಹುದಾದ ಹೇಳಿಕೆ. ವಂಶಪಾರಂಪರ್ಯ ಗ್ರಾಮಾಧಿಕಾರ 1961ರ ಕಾಯ್ದೆಯಿಂದ ರದ್ದಾಗಿ, 1963ರಲ್ಲಿ ಆಚರಣೆಯಿಂದ ಮರೆಯಾಯಿತು. ಧಾರಾವಾಹಿ ಪ್ರಸಾರವಾದ ಕಾಲಕ್ಕೆ ಐವತ್ತು ವರ್ಷ ದಾಟಿದ್ದವರು ಶ್ಯಾನುಭೋಗರನ್ನು ಕಣ್ಣಾರೆ ಕಂಡಿದ್ದವರು. ಕಂದಾಯದ ಕಿಸ್ತು, ಜಮಾಬಂದಿ, ಖಿರ್ದಿ ಪುಸ್ತಕ ಎಂಬ ಮಾತುಗಳು ಅವರಿಗೆ ಬದುಕಿನಲ್ಲಿ ಬಳಸಿದ ಮಾತುಗಳು. ಪ್ಲೇಗು ಬಂದಾಗ ಊರು ತೆರವು ಮಾಡಿ ಹೊರಗೆ ಗುಡಿಸಲು ಹಾಕಿಕೊಂಡ ಕಥೆಯನ್ನು ತಮ್ಮ ಹಿರಿಯರಿಂದ ಕೇಳಿದ್ದವರು ಅನೇಕರು. ಇಂತಹ ನೋಡುಗರ ಅಭಿಪ್ರಾಯ ‘ಚೆನ್ನಾಗಿದೆ, ಚೆನ್ನಾಗಿಲ್ಲ’ ಎಂಬಲ್ಲಿಗೆ ನಿಲ್ಲುವುದಿಲ್ಲ. ಎಲೆ ಹಚ್ಚುವ ಕೈ ಪಳಗಿದ ಕೈಯೇ? ಕಡ್ಡಿ ಚುಚ್ಚುವ ರೀತಿ ಸರಿಯೇ? ಮಾತು ಈ ಕಡೆಯದೋ, ಬೆಂಗಳೂರಿನದೋ? ಇವು ಅವರ ಪ್ರಶ್ನೆಗಳು. ಹೀಗೆ ಕೇಳುವ ನೋಡುಗರು ಸಾಕ್ಷಿದಾರರ ಸ್ಥಾನದಲ್ಲಿ ನಿಂತಿರುತ್ತಾರೆ. ಅವರ ಮಾತಿನಲ್ಲಿ ಧಾರಾವಾಹಿಯ ವಿಮರ್ಶೆಯ ಜೊತೆಗೆ ಸೀಮೆಯ ಸಾಮಾಜಿಕ ಚರಿತ್ರೆಯೂ ಅಡಗಿದೆ.

ಕಾದಂಬರಿಯಲ್ಲಿ ಗಂಗಮ್ಮನ ಬೈಗುಳ ಆಕೆಯ ಪಾತ್ರದ ಜೀವ. ಪುಟದ ಮೇಲೆ ಒಬ್ಬರೇ ಓದಿಕೊಳ್ಳುವ ಬೈಗುಳ ನಡುಮನೆಯಲ್ಲಿ ಮಾವ, ಸೊಸೆ, ಮೊಮ್ಮಕ್ಕಳು ಒಟ್ಟಿಗೆ ಕುಳಿತಿರುವಾಗ ಕೇಳಿಬಂದರೆ ಅದರ ಪರಿಣಾಮ ಬೇರೆ. ಸೌಮ್ಯಗೊಳಿಸಿದರೆ ಪಾತ್ರ ಸಪ್ಪೆಯಾಯಿತೆನ್ನುವವರು ಒಂದು ಕಡೆ, ಹಾಗೇ ಬಿಟ್ಟರೆ ಮನೆಯಲ್ಲಿ ಕೂತು ನೋಡುವುದು ಹೇಗೆನ್ನುವವರು ಇನ್ನೊಂದು ಕಡೆ. ಈ ಎರಡು ಅಭಿಪ್ರಾಯಗಳ ಹಿಂದೆ ಇರುವುದು ಕಾದಂಬರಿ ಮತ್ತು ಕಿರುತೆರೆ ಎಂಬ ಎರಡು ಮಾಧ್ಯಮಗಳ ಮೂಲಭೂತ ಭೇದ. ಅದನ್ನು ನೋಡುಗರು ಸಿದ್ಧಾಂತದ ಭಾಷೆಯಲ್ಲಿ ಹೇಳದೆ ಅನುಭವದ ಭಾಷೆಯಲ್ಲಿ ಹೇಳುತ್ತಾರೆ, ಅಷ್ಟೆ.

ನೋಡುಗರ ಮಾನದಂಡಗಳು

ಮೇಲಿನ ವಿವೇಚನೆಯಿಂದ ನೋಡುಗರು ಬಳಸುವ ಮಾನದಂಡಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ಗುರುತಿಸಬಹುದು.

ಮೊದಲನೆಯದು, ಸಹಜತೆ. ‘ನಮ್ಮನೇಲಿ ನಡೆದಂಗೇ ಐತೆ’ ಎಂಬುದು ಈ ಕಡೆ ಧಾರಾವಾಹಿಗೆ ಸಿಗುವ ದೊಡ್ಡ ಮೆಚ್ಚುಗೆ. ಡಚ್ ವಿದ್ವಾಂಸೆ ಇಯೆನ್ ಆಂಗ್ ಅವರು ‘ಡಲ್ಲಾಸ್’ ಎಂಬ ಅಮೆರಿಕದ ಧಾರಾವಾಹಿಯ ಬಗ್ಗೆ ನೋಡುಗರು ಬರೆದ 42 ಪತ್ರಗಳನ್ನು ಆಧರಿಸಿ 1980ರ ದಶಕದಲ್ಲಿ ನಡೆಸಿದ ಅಧ್ಯಯನ ಪ್ರಸಿದ್ಧವಾದುದು. ಕೋಟ್ಯಧಿಪತಿಗಳ ಕಥೆಯನ್ನೂ ಸಾಮಾನ್ಯ ನೋಡುಗರು ‘ನಿಜ’ವೆಂದು ಭಾವಿಸಲು ಕಾರಣ ಭಾವನೆಯ ಮಟ್ಟದ ವಾಸ್ತವ ಎಂದು ಅವರು ವಿವರಿಸಿದರು. ಆದರೆ ‘ಗೃಹಭಂಗ’ದಂತಹ ಕೃತಿಯ ಮುಂದೆ ನಮ್ಮ ನೋಡುಗರು ಭಾವದ ವಾಸ್ತವದ ಜೊತೆಗೆ ವಸ್ತುವಿನ ವಾಸ್ತವವನ್ನೂ ಕೇಳುತ್ತಾರೆ.

ಎರಡನೆಯದು, ನ್ಯಾಯ. ಯಾರಿಗೆ ಅನ್ಯಾಯವಾಯಿತು, ಅದು ಸರಿಹೋಯಿತೇ ಎಂಬುದು ಸಂಜೆಯ ಮಾತಿನ ಮುಖ್ಯ ವಿಷಯ. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ನ್ಯಾಯಾಲಯದ ದೃಶ್ಯಗಳು ಜನಪ್ರಿಯವಾದುದಕ್ಕೆ ಇದೂ ಒಂದು ಕಾರಣ. ‘ಗೃಹಭಂಗ’ ಈ ಅಪೇಕ್ಷೆಯನ್ನು ಪೂರೈಸುವ ಕಥೆಯಲ್ಲ. ನಂಜಮ್ಮನ ದುಡಿಮೆಗೆ ಪ್ರತಿಫಲ ಸಿಗುವುದಿಲ್ಲ. ‘ನೋಡೋಕಾಗಲ್ಲ’ ಎಂದು ಹೇಳುತ್ತಲೇ ನೋಡುವುದನ್ನು ಬಿಡದಿರುವ ನೋಡುಗಿತಿಯ ಮಾತನ್ನು ನಿರಾಕರಣೆಯೆಂದು ತಿಳಿಯುವುದು ತಪ್ಪಾಗುತ್ತದೆ. ಕರುಣರಸದ ಅನುಭವಕ್ಕೆ ಆಕೆ ಕೊಟ್ಟ ಹೆಸರು ಅದು.

ಮೂರನೆಯದು, ಗತಿ. ‘ಎಳೀತಾರೆ’ ಎಂಬ ಒಂದು ಕ್ರಿಯಾಪದದಲ್ಲಿ ಕಥನದ ಗತಿಯ ಬಗ್ಗೆ ಒಂದು ಪೂರ್ಣ ವಿಮರ್ಶೆಯಿದೆ. ನಿಧಾನವೆಲ್ಲ ಎಳೆತವಲ್ಲ. ಕೆಲಸ ನಡೆಯುವಾಗಿನ ನಿಧಾನವನ್ನು ಜನ ಸಹಿಸುತ್ತಾರೆ. ಏನೂ ನಡೆಯದೆ ಮುಖಗಳನ್ನೇ ಮತ್ತೆ ಮತ್ತೆ ತೋರಿಸುವುದನ್ನು ಸಹಿಸುವುದಿಲ್ಲ.

ನಾಲ್ಕನೆಯದು, ನುಡಿ. ಹಾಸನ ಸೀಮೆಯ ಆಡುಮಾತಿನಲ್ಲಿ ಸಂಬೋಧನೆಯೇ ಸಂಬಂಧವನ್ನು ತಿಳಿಸುತ್ತದೆ. ಒಂದೇ ಊರಿನೊಳಗೆ ಕೇರಿಯಿಂದ ಕೇರಿಗೆ ಉಚ್ಚಾರ ಬದಲಾಗುತ್ತದೆ. ಎಲ್ಲ ಪಾತ್ರಗಳಿಗೂ ಒಂದೇ ‘ಹಳ್ಳಿ ಭಾಷೆ’ ಹಚ್ಚಿದಾಗ ಅದನ್ನು ಮೊದಲು ಗುರುತಿಸುವವರು ಇಂತಹ ನೋಡುಗರೇ.

ಅಳತೆಗೋಲಿನ ಹೊರಗೆ

ಇಷ್ಟು ಸಮೃದ್ಧವಾದ ಅಭಿಪ್ರಾಯ ತಯಾರಕರಿಗೆ ಮುಟ್ಟಿತೇ ಎಂಬುದು ಮುಂದಿನ ಪ್ರಶ್ನೆ. ಮೊದಮೊದಲು ಪತ್ರಗಳೇ ದಾರಿ. ‘ಹಮ್ ಲೋಗ್’ ಧಾರಾವಾಹಿಗೆ ಬಂದ ಪತ್ರಗಳು ಸುಮಾರು 4 ಲಕ್ಷ ಎಂದು ಅಂದಾಜು. ಅವುಗಳಲ್ಲಿ ಕೆಲವನ್ನು ಅರವಿಂದ ಸಿಂಘಾಲ್ ಮತ್ತು ಎವೆರೆಟ್ ರೋಜರ್ಸ್ ಅಧ್ಯಯನ ಮಾಡಿದರು. ಖಾಸಗಿ ವಾಹಿನಿಗಳು ಬಂದ ಮೇಲೆ ಪತ್ರದ ಸ್ಥಾನವನ್ನು ಅಂಕಿಯು ಆಕ್ರಮಿಸಿತು. 1994ರಲ್ಲಿ ಉದಯ, 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಆರಂಭವಾದವು. ಟಿಆರ್‌ಪಿ ಎಂಬ ಅಳತೆ ಜಾಹೀರಾತಿನ ದರವನ್ನೂ, ಧಾರಾವಾಹಿಯ ಆಯುಷ್ಯವನ್ನೂ ನಿರ್ಧರಿಸತೊಡಗಿತು.

ಈ ಅಳತೆಯ ಯಂತ್ರಗಳನ್ನು ಆರಂಭದ ವರ್ಷಗಳಲ್ಲಿ ಇಡುತ್ತಿದ್ದುದು ಮುಖ್ಯವಾಗಿ ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳ ಆಯ್ದ ಮನೆಗಳಲ್ಲಿ. 2001ರ ಜನಗಣತಿಯ ವೇಳೆಗೆ ಹಾಸನ ನಗರ ಲಕ್ಷವನ್ನು ದಾಟಿತ್ತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳು 2011ರಲ್ಲಿಯೂ ಅರ್ಧ ಲಕ್ಷವನ್ನು ಮುಟ್ಟಿರಲಿಲ್ಲ. ಹೊಸ ವ್ಯವಸ್ಥೆಯಲ್ಲಿ ಗ್ರಾಮೀಣ ಮನೆಗಳ ಅಂಕಿಗಳು ಸೇರಿಕೊಂಡದ್ದು 2015ರ ಅಕ್ಟೋಬರ್‌ನಿಂದ ಈಚೆಗೆ. ಅಂದರೆ ‘ಗೃಹಭಂಗ’ ಪ್ರಸಾರವಾಗುತ್ತಿದ್ದ ಕಾಲದಲ್ಲಿ, ಆ ಕಥೆ ಯಾರ ನೆಲದಲ್ಲಿ ನಡೆಯಿತೋ ಆ ನೆಲದ ನೋಡುಗರು ಅಳತೆಯ ಲೆಕ್ಕದಲ್ಲಿ ಇರಲಿಲ್ಲ. ಅವರು ಮೆಚ್ಚಿದರೂ ಅಂಕಿ ಏರುತ್ತಿರಲಿಲ್ಲ. ಬೇಸರಪಟ್ಟು ಎದ್ದು ಹೋದರೂ ಇಳಿಯುತ್ತಿರಲಿಲ್ಲ. ಕನ್ನಡ ಧಾರಾವಾಹಿಗಳು ಕ್ರಮೇಣ ನಗರದ ಶ್ರೀಮಂತ ಮನೆಗಳತ್ತ ಸರಿದುದಕ್ಕೆ ಕಾರಣಗಳು ಹಲವು; ಈ ಅಳತೆಯ ಕುರುಡೂ ಅವುಗಳಲ್ಲಿ ಒಂದು ಎಂದು ಭಾವಿಸಲು ಅವಕಾಶವಿದೆ.

ಸಂಗ್ರಹದ ಅಗತ್ಯ ಮತ್ತು ವಿಧಾನ

ಅಳತೆಗೆ ಸಿಗದ ಈ ಅಭಿಪ್ರಾಯವನ್ನು ಈಗಲಾದರೂ ದಾಖಲಿಸುವುದು ಸಾಧ್ಯ. ಆದರೆ ಎಚ್ಚರ ಅಗತ್ಯ. ಇಪ್ಪತ್ತೈದು ವರ್ಷಗಳ ಹಿಂದಿನ ಧಾರಾವಾಹಿಯ ನೆನಪು ಎಂದರೆ ಅಂದಿನ ಮನೆಯ ನೆನಪೂ ಹೌದು. ಅಂದು ಪಕ್ಕದಲ್ಲಿ ಕುಳಿತು ನೋಡಿದ ಅತ್ತೆ, ತಾಯಿ, ಅಕ್ಕ ಇಂದು ಇಲ್ಲದಿದ್ದರೆ ಧಾರಾವಾಹಿಯ ಮೇಲಿನ ಪ್ರೀತಿಯಲ್ಲಿ ಅವರ ಮೇಲಿನ ಪ್ರೀತಿಯೂ ಬೆರೆತಿರುತ್ತದೆ. ‘ಆಗಿನ ಧಾರಾವಾಹಿ ಚೆನ್ನಾಗಿತ್ತೇ?’ ಎಂದು ಕೇಳಿದರೆ ‘ಹೌದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದರ ಬದಲು ಒಂದು ಕಂತಿನ ಕಥೆಯನ್ನು ಅವರೇ ಹೇಳುವಂತೆ ಕೇಳುವುದು ಒಳ್ಳೆಯದು. ಏನನ್ನು ನೆನಪಿಟ್ಟಿದ್ದಾರೆ, ಏನನ್ನು ಬಿಟ್ಟಿದ್ದಾರೆ, ಎಲ್ಲಿ ಕಥೆಯನ್ನು ತಿರುಗಿಸಿದ್ದಾರೆ ಎಂಬುದರಿಂದ ಅಭಿಪ್ರಾಯ ತಾನಾಗಿ ಹೊರಡುತ್ತದೆ. ಹೆಂಗಸರನ್ನು ಗುಂಪಿನಲ್ಲಿ ಮಾತನಾಡಿಸುವುದು ಮೇಲು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುವುದರಿಂದ ಹಳೆಯ ಚರ್ಚೆಯೇ ಮತ್ತೆ ಮೈದಳೆಯುತ್ತದೆ. ಮಾತನ್ನು ಶಿಷ್ಟ ಕನ್ನಡಕ್ಕೆ ತಿದ್ದಿ ಬರೆಯಬಾರದು. ನುಡಿಯ ವಿಮರ್ಶೆ ಇರುವುದು ಅದೇ ನುಡಿಯಲ್ಲಿ.

ನಾಲ್ಕೂ ಊರುಗಳನ್ನು ಒಂದೇ ಎಂದು ಎಣಿಸುವುದೂ ಸಲ್ಲದು. ಜಿಲ್ಲಾ ಕೇಂದ್ರವಾದ ಹಾಸನದಲ್ಲಿ ನೌಕರವರ್ಗದ ಮನೆಗಳಿವೆ. ಹೇಮಾವತಿಯ ದಂಡೆಯ ಹೊಳೆನರಸೀಪುರ ಪೇಟೆ ಮತ್ತು ಬೇಸಾಯ ಎರಡೂ ಬೆರೆತ ಊರು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಗ್ರಾಮ. ಅಲ್ಲಿನ ಕಿವಿಯ ಸಂಸ್ಕಾರ ಬೇರೆ. ಚನ್ನರಾಯಪಟ್ಟಣ ಕಾದಂಬರಿಯ ನೆಲ. ಒಂದೇ ಕೃತಿ ಈ ನಾಲ್ಕು ಕಡೆ ನಾಲ್ಕು ರೀತಿಯಲ್ಲಿ ಕಂಡಿದ್ದರೆ ಆ ಭಿನ್ನತೆಯೇ ಅಧ್ಯಯನದ ಫಲ.

ಉಪಸಂಹಾರ

ಕೃತಿಗಳ ಉಳಿವೇ ಇನ್ನೂ ಭದ್ರವಾಗಿಲ್ಲ. ಟೇಪುಗಳನ್ನು ಅಳಿಸಿ ಮತ್ತೆ ಬಳಸುವ ಪದ್ಧತಿಯಿಂದ ಬ್ರಿಟನ್ನಿನ ಬಿಬಿಸಿಯಂತಹ ಸಂಸ್ಥೆಯೂ 1960–70ರ ದಶಕಗಳ ಎಷ್ಟೋ ಕಾರ್ಯಕ್ರಮಗಳನ್ನು ಕಳೆದುಕೊಂಡಿತು. ‘ಮಾಯಾಮೃಗ’ಕ್ಕೆ ಎರಡನೆಯ ಜೀವ ದೊರೆತಿದೆ, 2022ರಲ್ಲಿ ‘ಮತ್ತೆ ಮಾಯಾಮೃಗ’ ಎಂಬ ಮುಂದುವರಿಕೆಯೂ ಬಂದಿತು. ಆದರೆ ನೋಡುಗರ ಮಾತಿಗೆ ಟೇಪು ಇಲ್ಲ. ಅದು ಇರುವುದು ಜನರ ನೆನಪಿನಲ್ಲಿ ಮಾತ್ರ. ಶ್ಯಾನುಭೋಗಿಕೆಯನ್ನು ಕಂಡು, ಪ್ಲೇಗಿನ ಕಥೆ ಕೇಳಿ, ಎಲೆ ಹಚ್ಚಿ ಬಲ್ಲ ಕೈಗಳಿಂದ ಕಿರುತೆರೆಯ ನಂಜಮ್ಮನನ್ನು ಒರೆಗೆ ಹಚ್ಚಿದ ತಲೆಮಾರು ಈಗ ಎಂಬತ್ತರ ಆಸುಪಾಸಿನಲ್ಲಿದೆ. ಭೈರಪ್ಪನವರೂ 2025ರ ಸೆಪ್ಟೆಂಬರ್‌ನಲ್ಲಿ ನಮ್ಮನ್ನು ಅಗಲಿದರು.

ಜನಪದ ಗೀತೆಗಳನ್ನು ಹಾಡುವವರು ಇರುವಾಗಲೇ ಬರೆದುಕೊಳ್ಳಬೇಕೆಂಬ ಅರಿವು ಕನ್ನಡದ ವಿದ್ವಾಂಸರಿಗೆ ಬಹು ಹಿಂದೆಯೇ ಬಂದಿತು. ಅದರಿಂದ ನಮ್ಮ ಸಾಹಿತ್ಯ ಶ್ರೀಮಂತವಾಯಿತು. ಧಾರಾವಾಹಿಯ ಮುಂದೆ ಕುಳಿತವರ ಮಾತೂ ಅದೇ ಬಗೆಯ ಆಸ್ತಿ. ಅಲ್ಪವೆಚ್ಚದ ಕಥೆಯೊಂದನ್ನು ತಮ್ಮ ಅನುಭವದಿಂದ ತುಂಬಿ ದೊಡ್ಡದು ಮಾಡಿದವರು ಆ ನೋಡುಗರು. ಅವರ ಅಭಿಪ್ರಾಯವನ್ನು ಸೇರಿಸದೆ ಬರೆದ ಕನ್ನಡ ಕಿರುತೆರೆಯ ಚರಿತ್ರೆ ಅರ್ಧ ಚರಿತ್ರೆಯಾಗಿ ಉಳಿಯುತ್ತದೆ. ತಾಲ್ಲೂಕಿಗೆ ಒಬ್ಬಿಬ್ಬರಂತೆ ಆಸಕ್ತ ಅಧ್ಯಾಪಕರು, ವಿದ್ಯಾರ್ಥಿಗಳು ಮುಂದೆ ಬಂದರೂ ಈ ಕೆಲಸ ಆರಂಭವಾಗುತ್ತದೆ. ಅದಕ್ಕೆ ದೊಡ್ಡ ಹಣ ಬೇಡ. ಒಂದು ಧ್ವನಿಮುದ್ರಣ ಸಾಧನ, ಸಂಜೆ ನಾಲ್ಕೂವರೆಯ ಬಿಡುವು, ಕೇಳುವ ತಾಳ್ಮೆ ಇಷ್ಟಿದ್ದರೆ ಸಾಕು.